ಅಲಗು ಒಂದು ಮಿಲಿಮೀಟರ್ ಸರಿದಾಗ

ವಿಸಿಟಿಂಗ್ ಕಾರ್ಡ್ ಮಾಡಿಸಲು ಬರುವವರಲ್ಲಿ ಅನೇಕರು ಸುತ್ತಲೂ ಒಂದು ತೆಳುವಾದ ಬಾರ್ಡರ್ ಕೇಳುತ್ತಾರೆ. ಪರದೆಯ ಮೇಲೆ ಅದು ನಿಜಕ್ಕೂ ಅಂದವಾಗಿ ಕಾಣುತ್ತದೆ. ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ, ಅಂಚಿನಿಂದ 2 ಮಿ.ಮೀ. ಒಳಗೆ ಅಂಥದೊಂದು ಗೆರೆ ಎಳೆದು ಅಚ್ಚಿಗೆ ಕಳುಹಿಸಿದ್ದೆ. ಸಾವಿರ ಕಾರ್ಡು ಬಂದವು. ಬಣ್ಣ ಸರಿಯಿತ್ತು, ಅಕ್ಷರ ಸರಿಯಿತ್ತು. ಆದರೆ ಗೆರೆಯಿಂದಾಚೆ ಎಡಗಡೆ 3 ಮಿ.ಮೀ. ಬಿಳಿ, ಬಲಗಡೆ 1 ಮಿ.ಮೀ. ಬಿಳಿ. ಕತ್ತರಿಸುವ ಅಲಗು ಸರಿದದ್ದು ಒಂದೇ ಮಿಲಿಮೀಟರ್. ಕಣ್ಣಿಗೆ ಕಂಡದ್ದು ಒಂದಕ್ಕೆ ಮೂರರಷ್ಟು ವ್ಯತ್ಯಾಸ. ಹಾಳೆಗಳ ದಪ್ಪ ಕಟ್ಟನ್ನು ಒಮ್ಮೆಲೇ ಕತ್ತರಿಸುವಾಗ ಅವು ಅಲಗಿನ ಒತ್ತಡಕ್ಕೆ ಒಂದಿಷ್ಟು ಜಾರುತ್ತವೆ. ಅದನ್ನು ಯಾವ ಯಂತ್ರವೂ ಪೂರ್ತಿ ತಪ್ಪಿಸಲಾರದು. ಅದಕ್ಕೆ ಅವಕಾಶ ಇಡಬೇಕಾದವರು ವಿನ್ಯಾಸ ಮಾಡುವವರು.

ಪರದೆಯಲ್ಲಿ ಎಲ್ಲವೂ ಇಟ್ಟಲ್ಲೇ ಇರುತ್ತದೆ. ಕಾಗದದ ಮೇಲೆ ಎಲ್ಲವೂ ತುಸು ಸರಿಯುತ್ತದೆ: ಅಲಗು ಸರಿಯುತ್ತದೆ, ಇಂಕು ಒತ್ತುವ ನಾಲ್ಕು ಬಣ್ಣದ ಪ್ಲೇಟುಗಳು ಸರಿಯುತ್ತವೆ, ಇಂಕು ಹರಡುತ್ತದೆ. ಕಾರ್ಡಿನಂಥ ಅಂಗೈಗಿಂತ ಚಿಕ್ಕ ವಸ್ತುವಿನಲ್ಲಿ ಇವೆಲ್ಲ ದೊಡ್ಡದಾಗಿ ಕಾಣುತ್ತವೆ. ಮುದ್ರಣಕ್ಕೆ ಸಿದ್ಧವಾದ ಫೈಲ್ ಎಂದರೆ ಈ ಸರಿದಾಟವನ್ನು ಮೊದಲೇ ಲೆಕ್ಕಕ್ಕೆ ಹಿಡಿದ ಫೈಲ್.

ಅಳತೆಯಿಂದ ಆರಂಭಿಸೋಣ. ಎಲ್ಲ ಕಡೆಗೂ ಒಂದೇ ಗಾತ್ರವಿಲ್ಲ. ಯುರೋಪಿನಲ್ಲಿ ಸಾಮಾನ್ಯವಾದದ್ದು 85×55 ಮಿ.ಮೀ., ಅಮೆರಿಕದಲ್ಲಿ ಮೂರೂವರೆ ಇಂಚಿಗೆ ಎರಡು ಇಂಚು, ಜಪಾನಿನಲ್ಲಿ 91×55 ಮಿ.ಮೀ. ಯಾವುದು ಬೇಕೆಂದು ಮುದ್ರಣಾಲಯವನ್ನು ಕೇಳಿಯೇ ಹೊಸ ಪುಟ ತೆರೆಯಿರಿ. ಪುಟದ ಗಾತ್ರವಾಗಿ ಕತ್ತರಿಸಿದ ನಂತರದ ಅಳತೆಯನ್ನೇ ಕೊಟ್ಟು, ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಬಣ್ಣ ಹರಡುವ ಹೆಚ್ಚುವರಿ ಅಂಚು) ಎಂಬ ಜಾಗದಲ್ಲಿ ನಾಲ್ಕೂ ಬದಿಗೆ 3 ಮಿ.ಮೀ. ತುಂಬಿಸಿ. 85×55ರ ಕಾರ್ಡಿನ ಹಿನ್ನೆಲೆ ಬಣ್ಣ ಆಗ 91×61ರವರೆಗೆ ಹರಡಿರಬೇಕು. ಅಲಗು ಹೊರಕ್ಕೆ ಸರಿದರೂ ಬಿಳಿ ಅಂಚು ಇಣುಕುವುದಿಲ್ಲ. ಅದು ಒಳಕ್ಕೆ ಸರಿದರೆ? ಹೆಸರು, ಸಂಖ್ಯೆ, ಲೋಗೋ ಎಲ್ಲವೂ ಅಂಚಿನಿಂದ ಕನಿಷ್ಠ 4 ಮಿ.ಮೀ. ಒಳಗಿರಬೇಕು. ಬಾರ್ಡರ್ ಬೇಕೇಬೇಕು ಎನ್ನುವವರಿಗೆ ನಾನು ಅದನ್ನು 5 ಮಿ.ಮೀ. ಒಳಗೆ ತಂದು ತೋರಿಸುತ್ತೇನೆ. ಹೆಚ್ಚಿನವರು ಅದನ್ನು ನೋಡಿದ ಮೇಲೆ ಬಾರ್ಡರೇ ಬೇಡ ಎನ್ನುತ್ತಾರೆ, ಕಾರ್ಡು ಉಸಿರಾಡುತ್ತದೆ.

ಒಂದು ಎ4 ಹಾಳೆಯಲ್ಲಿ ತಾವೇ ಹತ್ತು ಕಾರ್ಡುಗಳನ್ನು ಜೋಡಿಸಿ ಕಳುಹಿಸುವವರೂ ಇದ್ದಾರೆ. ಬ್ಲೀಡ್ ಇಲ್ಲದಿದ್ದರೆ ಹತ್ತು ಹಿಡಿಸುತ್ತವೆ. ಬ್ಲೀಡ್ ಸೇರಿಸಿದರೆ ಐದು ಸಾಲಿಗೆ 305 ಮಿ.ಮೀ. ಬೇಕು, ಹಾಳೆಯ ಉದ್ದ 297 ಮಾತ್ರ. ಜೋಡಣೆಯ ಕೆಲಸವನ್ನು ಮುದ್ರಣಾಲಯಕ್ಕೇ ಬಿಡುವುದು ಒಳ್ಳೆಯದು. ನೀವು ಮುಂಬದಿಗೊಂದು, ಹಿಂಬದಿಗೊಂದು ಪುಟ ಕೊಟ್ಟರೆ ಸಾಕು.

ಇನ್ನು ಕಪ್ಪು ಅಕ್ಷರ. ಕಾರ್ಡುಗಳು ಹೆಚ್ಚು ಕೆಡುವುದು ಇಲ್ಲೇ, ಮತ್ತು ಪರದೆಯಲ್ಲಿ ಇದರ ಸುಳಿವೇ ಸಿಗುವುದಿಲ್ಲ. ಆರ್‌ಜಿಬಿಯಲ್ಲಿ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದಲ್ಲಿ) ಮೂರೂ ಸೊನ್ನೆಯಾಗಿರುವ ಕಪ್ಪನ್ನು ಸಿಎಂವೈಕೆಗೆ (ಸಯಾನ್ ಎಂಬ ಹಸಿರುನೀಲಿ, ಮಜೆಂಟಾ ಎಂಬ ಗುಲಾಬಿ, ಹಳದಿ, ಕಪ್ಪು ಇಂಕುಗಳ ಲೆಕ್ಕಕ್ಕೆ) ಬದಲಾಯಿಸಿದರೆ ಅದು ಬರೀ ಕಪ್ಪು ಇಂಕಾಗಿ ಉಳಿಯುವುದಿಲ್ಲ. ಫೋಟೋಶಾಪ್‌ನಲ್ಲಿ ಬಹುಕಾಲ ರೂಢಿಯಲ್ಲಿದ್ದ, ಬಣ್ಣ ಬದಲಾಯಿಸುವ ಲೆಕ್ಕ ಹೇಳುವ ಸ್ವಾಪ್ ಪ್ರೊಫೈಲ್‌ನಲ್ಲಿ ಅದು ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ. ಅಂದರೆ ನಿಮ್ಮ ದೂರವಾಣಿ ಸಂಖ್ಯೆಯ ಒಂದೊಂದು ಅಂಕಿಯನ್ನೂ ನಾಲ್ಕು ಪ್ಲೇಟುಗಳು ಒಂದರ ಮೇಲೊಂದು ಒತ್ತಬೇಕು. 7 ಪಾಯಿಂಟಿನ ಅಕ್ಷರದ ತೆಳು ಗೆರೆ ಸುಮಾರು 0.2 ಮಿ.ಮೀ. ದಪ್ಪ ಇರುತ್ತದೆ. ಒಂದು ಪ್ಲೇಟು 0.1 ಮಿ.ಮೀ. ಸರಿದರೂ ಅರ್ಧ ಗೆರೆಯಷ್ಟು ಬಣ್ಣ ಹೊರಚಾಚುತ್ತದೆ. ಭೂತಗನ್ನಡಿ ಹಿಡಿದು ನೋಡಿ: ಅಂಕಿಯ ಒಂದು ಮಗ್ಗುಲಿಗೆ ಗುಲಾಬಿ, ಇನ್ನೊಂದು ಮಗ್ಗುಲಿಗೆ ನೀಲಿ. ಬರಿಗಣ್ಣಿಗೆ ಅದು ಬಣ್ಣವಾಗಿ ಕಾಣುವುದಿಲ್ಲ. ಅಕ್ಷರ ಮಂಜಾಗಿದೆ ಎಂದಷ್ಟೇ ಅನಿಸುತ್ತದೆ.

ಆದ್ದರಿಂದ ಸಣ್ಣ ಅಕ್ಷರಕ್ಕೆ ಕಪ್ಪು ಒಂದೇ ಶೇ 100, ಉಳಿದ ಮೂರೂ ಸೊನ್ನೆ. ಪರೀಕ್ಷೆ ಸುಲಭ. ಪುಟ ವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಾಗಲಿ ಪಿಡಿಎಫ್ ತೆರೆಯುವ ಅಕ್ರೋಬ್ಯಾಟ್ ಪ್ರೊನಲ್ಲಾಗಲಿ ಬಣ್ಣಗಳನ್ನು ಬೇರ್ಪಡಿಸಿ ತೋರಿಸುವ ಕಿಟಕಿಯೊಂದಿದೆ. ಪುಟ ವಿನ್ಯಾಸದ ಇನ್ನೊಂದು ತಂತ್ರಾಂಶವಾದ ಸ್ಕ್ರೈಬಸ್‌ನ ಪ್ರಿಂಟ್ ಪ್ರಿವ್ಯೂನಲ್ಲೂ ಇದೆ. ಅಲ್ಲಿ ಕಪ್ಪು ಪ್ಲೇಟಿನ ಗುರುತು ತೆಗೆಯಿರಿ. ಅಕ್ಷರಗಳೆಲ್ಲ ಮಾಯವಾದರೆ ಸರಿಯಾಗಿದೆ ಎಂದರ್ಥ. ಕಂದು ನೆರಳು ಉಳಿದರೆ ಆ ಫೈಲನ್ನು ಕಳುಹಿಸಬೇಡಿ.

ಇಡೀ ಹಿನ್ನೆಲೆಯೇ ಕಪ್ಪಾಗಿದ್ದರೆ ಲೆಕ್ಕ ಬೇರೆ. ಬರೀ ಕಪ್ಪು ಇಂಕು ದೊಡ್ಡ ಜಾಗದಲ್ಲಿ ಬೂದಿ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಅಲ್ಲಿ ನಾನು ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಕೊಡುತ್ತೇನೆ. ಒಟ್ಟು ಶೇ 240. ಬಣ್ಣಗಳ ಪಟ್ಟಿಯಲ್ಲಿ ರಿಜಿಸ್ಟ್ರೇಷನ್ ಎಂಬ ಹೆಸರಿನ ಕಪ್ಪೊಂದು ಕುಳಿತಿರುತ್ತದೆ. ಅದು ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಕ್ರಾಪ್ ಮಾರ್ಕುಗಳಿಗೆ ಮಾತ್ರ. ಅದನ್ನು ಹಿನ್ನೆಲೆಗೆ ತುಂಬಿದರೆ ಶೇ 400 ಇಂಕು ಬೀಳುತ್ತದೆ, ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಇನ್ನು ಇಂಥ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಡುವಾಗ ತೆಳು ಫಾಂಟ್ ಬೇಡ. ಸುತ್ತಲಿನ ಇಂಕು ಒಳಕ್ಕೆ ಹರಡಿ ಗೆರೆಯನ್ನು ನುಂಗುತ್ತದೆ.

ಕನ್ನಡದಲ್ಲಿ ಕಾರ್ಡು ಮಾಡುವಾಗ ಇನ್ನೂ ಒಂದು ಎಚ್ಚರ ಬೇಕು. ಇಂಗ್ಲಿಷಿಗೆ 7 ಪಾಯಿಂಟ್ ಸಾಕಾದ ಕಡೆ ಕನ್ನಡಕ್ಕೆ ನಾನು 8.5ಕ್ಕಿಂತ ಕೆಳಗೆ ಇಳಿಯುವುದಿಲ್ಲ. ನಮ್ಮ ಅಕ್ಷರಗಳ ಒಳಸುರುಳಿಗಳು ಚಿಕ್ಕವು, ಇಂಕು ತುಂಬಿದರೆ ಮುಚ್ಚಿಕೊಳ್ಳುತ್ತವೆ. ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಗುಣಿತದ ಗುಡಿಸು ಮೇಲಕ್ಕೆ ಏಳುತ್ತದೆ. ‘ಲಕ್ಷ್ಮೀ’ ಎಂಬ ಹೆಸರಿನ ಕೆಳಗೆ ‘ನಿರ್ದೇಶಕಿ’ ಎಂದು ಬರೆದು ತಂತ್ರಾಂಶ ತಾನೇ ಕೊಡುವ ಸಾಲಂತರವನ್ನೇ ಇಟ್ಟು ನೋಡಿ. ಮೇಲಿನ ಒತ್ತಿನ ತುದಿ ಕೆಳಗಿನ ಗುಡಿಸಿಗೆ ತಾಗುವಂತಿರುತ್ತದೆ. ಸಾಲಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಟ್ಟರೆ ಎರಡೂ ಸಾಲು ನೆಮ್ಮದಿಯಾಗಿ ನಿಲ್ಲುತ್ತವೆ. ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಒತ್ತಕ್ಷರ ಒಡೆದು ಪಕ್ಕಪಕ್ಕ ಬರುತ್ತದೆ. ಸ್ಕ್ರೈಬಸ್‌ನ 1.4 ಸರಣಿಯಲ್ಲೂ ಹೀಗೇ ಒಡೆಯುತ್ತಿತ್ತು, 1.6ರಲ್ಲಿ ಆ ತೊಂದರೆ ಇಲ್ಲ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯ ಬಂದರೆ ಮೊದಲು ಅದನ್ನು ಯೂನಿಕೋಡ್‌ಗೆ ಬದಲಾಯಿಸಿ, ನಂತರ ಪ್ರತಿ ಅಕ್ಷರವನ್ನೂ ಓದಿ. ಬದಲಾವಣೆಯಲ್ಲಿ ಅರ್ಕಾವತ್ತು ತಪ್ಪಿಹೋದದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಒಬ್ಬರ ಹೆಸರನ್ನು ಅವರದೇ ಕಾರ್ಡಿನಲ್ಲಿ ತಪ್ಪಾಗಿ ಅಚ್ಚು ಮಾಡುವುದು ಅವರಿಗೆ ಮಾಡುವ ಅವಮಾನ.

ಲೋಗೋ ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಗಳ) ರೂಪದಲ್ಲೇ ಇರಲಿ. ಜಾಲತಾಣದಿಂದ ಇಳಿಸಿಕೊಂಡ 200 ಪಿಕ್ಸೆಲ್ ಅಗಲದ ಚಿತ್ರ ಇಂಚಿಗೆ 300 ಪಿಕ್ಸೆಲ್‌ನಂತೆ 17 ಮಿ.ಮೀ.ವರೆಗೆ ಮಾತ್ರ ಚೊಕ್ಕಟವಾಗಿ ನಿಲ್ಲುತ್ತದೆ. ಪರದೆಯಲ್ಲಿ ಹೊಳೆಯುವ ನೀಲಿ ನಾಲ್ಕು ಇಂಕಿನಲ್ಲಿ ಹುಟ್ಟುವುದೇ ಇಲ್ಲ, ನೇರಳೆಯ ಕಡೆಗೆ ವಾಲುತ್ತದೆ. ಇದನ್ನು ಗ್ರಾಹಕರಿಗೆ ಮೊದಲೇ ಹೇಳಿಬಿಡಿ.

ಈಚೆಗೆ ಎಲ್ಲರೂ ಕ್ಯೂಆರ್ ಕೋಡ್ ಕೇಳುತ್ತಾರೆ. ಹೆಸರು, ವಿಳಾಸ, ಮೂರು ದೂರವಾಣಿ ಎಲ್ಲವನ್ನೂ ಅದರೊಳಗೇ ತುಂಬಿದರೆ ಸಾಲಿಗೆ 57 ಚೌಕಗಳಷ್ಟು ದಟ್ಟವಾಗಿಬಿಡುತ್ತದೆ. ಸುತ್ತ ಬಿಡಬೇಕಾದ ನಾಲ್ಕು ಚೌಕದ ಖಾಲಿ ಅಂಚನ್ನೂ ಸೇರಿಸಿದರೆ 18 ಮಿ.ಮೀ. ಜಾಗದಲ್ಲಿ ಒಂದು ಚೌಕಕ್ಕೆ ಸಿಗುವುದು 0.28 ಮಿ.ಮೀ. ಅದರ ಬದಲು ಒಂದು ಚಿಕ್ಕ ಕೊಂಡಿಯನ್ನಷ್ಟೇ ಇಟ್ಟರೆ 29 ಚೌಕ ಸಾಕು, ಒಂದೊಂದೂ ಅರ್ಧ ಮಿಲಿಮೀಟರಿನ ಹತ್ತಿರ ಬರುತ್ತದೆ, ಮಬ್ಬು ಬೆಳಕಿನಲ್ಲೂ ಮೊಬೈಲ್ ಅದನ್ನು ಸಲೀಸಾಗಿ ಓದುತ್ತದೆ. ಇದಕ್ಕೂ ಕಪ್ಪು ಇಂಕು ಒಂದೇ ಇರಲಿ.

ಪಿಡಿಎಫ್ ಮಾಡುವಾಗ ಮುದ್ರಣಕ್ಕೆಂದೇ ಇರುವ ಪಿಡಿಎಫ್/ಎಕ್ಸ್-4 ಮಾದರಿಯನ್ನು ಆರಿಸಿ. ಮುದ್ರಣಾಲಯದ ಉಪಕರಣ ಹಳೆಯದಾಗಿದ್ದರೆ ಎಕ್ಸ್-1ಎ ಕೇಳುತ್ತಾರೆ, ಅದರಲ್ಲಿ ಪಾರದರ್ಶಕ ಪದರಗಳೆಲ್ಲ ಚಪ್ಪಟೆಯಾಗುತ್ತವೆ. ಎರಡರಲ್ಲೂ ಫಾಂಟುಗಳು ಫೈಲಿನೊಳಗೇ ಅಡಕವಾಗುತ್ತವೆ. ಅದೇ ಕಿಟಕಿಯಲ್ಲಿ ಬ್ಲೀಡ್ ಸೇರಿಸುವ ಚೌಕಕ್ಕೆ ಗುರುತು ಹಾಕಲು ಮರೆಯಬೇಡಿ. ಪುಟದಲ್ಲಿ ಶ್ರದ್ಧೆಯಿಂದ ಬ್ಲೀಡ್ ಬಿಟ್ಟು, ಪಿಡಿಎಫ್‌ನಲ್ಲಿ ಅದನ್ನು ಕಳೆದುಕೊಂಡ ಫೈಲುಗಳು ನನ್ನ ಬಳಿ ಈಗಲೂ ಬರುತ್ತವೆ.

ಕೊನೆಗೆ ಆ ಪಿಡಿಎಫ್ ಅನ್ನೇ ಸಾಮಾನ್ಯ ಪ್ರಿಂಟರಿನಲ್ಲಿ ಶೇ 100ರ ಅಳತೆಯಲ್ಲಿ ತೆಗೆಯುತ್ತೇನೆ; ಪುಟಕ್ಕೆ ಹೊಂದಿಸು ಎಂಬ ಆಯ್ಕೆ ಇದ್ದರೆ ಅಳತೆ ಕೆಟ್ಟುಹೋಗುತ್ತದೆ. ಎರಡೂ ಬದಿ ಅಂಟಿಸಿ, ಕತ್ತರಿಯಿಂದ ಕತ್ತರಿಸಿ, ಕೈಯಳತೆಯ ದೂರದಲ್ಲಿ ಹಿಡಿದು ಓದುತ್ತೇನೆ. ದೂರವಾಣಿ ಸಂಖ್ಯೆಯನ್ನು ಹಿಂದಿನಿಂದ ಮುಂದಕ್ಕೆ ಓದುತ್ತೇನೆ, ಏಕೆಂದರೆ ಪರಿಚಿತ ಸಂಖ್ಯೆಯನ್ನು ಕಣ್ಣು ನೋಡದೆಯೇ ಓದಿಬಿಡುತ್ತದೆ. ಆಮೇಲೆ ಮೊಬೈಲಿನಲ್ಲಿ ಉಳಿಸಿಕೊಂಡ ಹೆಸರನ್ನು ಒತ್ತದೆ, ಆ ಕಾಗದದ ತುಂಡನ್ನು ನೋಡಿಕೊಂಡು ಒಂದೊಂದೇ ಅಂಕಿ ಒತ್ತಿ ಕರೆ ಮಾಡುತ್ತೇನೆ. ಆ ಕಡೆ ಗ್ರಾಹಕರದೇ ದನಿ ಕೇಳಿದ ಮೇಲೆ ಫೈಲು ಅಚ್ಚಿಗೆ ಹೋಗುತ್ತದೆ.