ಬಳ್ಳಿ ತುಂಬಾ ಎಲೆ, ಹೂವೇ ಇಲ್ಲ: ಯಾವ ಗೊಬ್ಬರ ಹಾಕಲಿ?

ಪ್ರಶ್ನೆ: ಜೂನ್‌ನಲ್ಲಿ ಮಾರ್ನಿಂಗ್ ಗ್ಲೋರಿ ಬೀಜ ಹಾಕಿದ್ದೆ. ಬಳ್ಳಿ ಗೇಟಿನ ಕಮಾನು ದಾಟಿ ಬಾಲ್ಕನಿಗೆ ಹತ್ತಿದೆ. ಎಲೆ ಅಂಗೈ ಅಗಲ ಇದೆ, ಮೊಗ್ಗು ಮಾತ್ರ ಒಂದೂ ಇಲ್ಲ. ಯಾವ ಗೊಬ್ಬರ ಹಾಕಿದರೆ ಹೂ ಬಿಡುತ್ತೆ?

ಉತ್ತರ: ಯಾವುದನ್ನೂ ಹಾಕಬೇಡಿ.

ಮಳೆಗಾಲ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಇದೇ ಪ್ರಶ್ನೆ. ದಾವಣಗೆರೆಯವರೂ ಕೇಳುತ್ತಾರೆ, ಚಿತ್ರದುರ್ಗದವರೂ ಕೇಳುತ್ತಾರೆ, ನಾನೂ ಇದೇ ಉತ್ತರ ಕೊಡುತ್ತೇನೆ, ಆಮೇಲೆ ಒಂದು ವಾರ ಬಿಟ್ಟು ಅವರೇ "ಸ್ವಲ್ಪ ಡಿಎಪಿ ಹಾಕಿದೆ, ಇನ್ನೂ ಮೊಗ್ಗು ಬಂದಿಲ್ಲ" ಅಂತ ಬರೆಯುತ್ತಾರೆ. ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ.

ಹೂ ಬರಲಿಲ್ಲ ಅಂದರೆ ಗಿಡಕ್ಕೆ ಶಕ್ತಿ ಸಾಲದು ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿ ಕೂತುಬಿಟ್ಟಿದೆ. ಒಮ್ಮೆ ಬಳ್ಳಿ ಹತ್ತಿರ ಹೋಗಿ ನೋಡಿ. ಅಂಗೈ ಅಗಲದ ಕಡು ಹಸಿರು ಎಲೆ, ದಿನಕ್ಕೊಂದು ಸುತ್ತು ಹಾಕಿಕೊಂಡು ಮೇಲೆ ಹೋಗುವ ಕುಡಿ. ಇದು ಹಸಿದ ಗಿಡವಾ? ಸಾರಜನಕ ಸಾಲದ ಗಿಡದಲ್ಲಿ ಬುಡದ ಹಳೆಯ ಎಲೆ ಮೊದಲು ಹಳದಿಯಾಗುತ್ತೆ, ಕುಡಿ ಸಣಕಲಾಗುತ್ತೆ. ನಿಮ್ಮದು ತಿಂದು ಹೆಚ್ಚಾದ ಬಳ್ಳಿ. ಸಾರಜನಕ ಸಿಗುತ್ತಿರುವಷ್ಟು ದಿನ ಅದು ಎಲೆ ಮತ್ತು ಕಾಂಡವನ್ನೇ ಕಟ್ಟುತ್ತೆ.

ನಮ್ಮ ಕಡೆ ಇದು ಜಾಸ್ತಿ ಆಗೋಕೆ ಕಾರಣವೂ ಇದೆ. ಮೆಕ್ಕೆಜೋಳಕ್ಕೆ ತಂದ ಯೂರಿಯಾ ಚೀಲದ ತಳದಲ್ಲಿ ಒಂದಿಷ್ಟು ಉಳಿದಿರುತ್ತೆ, ಸುಮ್ನೆ ಹಾಳಾಗುತ್ತಲ್ಲ ಅಂತ ಒಂದು ಹಿಡಿ ತಂದು ಬಳ್ಳಿಯ ಬುಡಕ್ಕೆ ಹಾಕುತ್ತಾರೆ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವೇ. "ನಾವು ಕೆಮಿಕಲ್ ಮುಟ್ಟಲ್ಲ, ಬರೀ ಕಡ್ಲೆಕಾಯಿ ಹಿಂಡಿ" ಅನ್ನುವವರು ಇನ್ನೊಂದು ಗುಂಪು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಇಷ್ಟು ಹತ್ತಿರ ಇರುವಾಗ ಹಿಂಡಿಗೆ ಬರ ಇಲ್ಲ. ಆದರೆ ಹಿಂಡಿಯಲ್ಲೂ ನೂರಕ್ಕೆ ಸುಮಾರು 7 ಭಾಗ ಸಾರಜನಕ ಇದೆ, ನಿಧಾನವಾಗಿ ಬಿಡುತ್ತೆ ಅಷ್ಟೇ. ಕೋಳಿಗೊಬ್ಬರದ್ದೂ ಇದೇ ಕಥೆ.

ಇನ್ನು ಡಿಎಪಿ. ರಂಜಕ ಹೂವಿಗೆ ಒಳ್ಳೆಯದು, ಹಾಗಾಗಿ ಡಿಎಪಿ ಹಾಕಿದರೆ ಹೂ ಬರುತ್ತೆ ಅನ್ನುವ ಲೆಕ್ಕ. ಅದರಲ್ಲಿ 46 ಭಾಗ ರಂಜಕದ ಜೊತೆ 18 ಭಾಗ ಸಾರಜನಕವೂ ಇದೆ ಅನ್ನೋದು ಮರೆತುಹೋಗುತ್ತೆ. ರಂಜಕ ಅತಿಯಾದರೆ ಗಿಡಕ್ಕೆ ಸತು, ಕಬ್ಬಿಣ ಸರಿಯಾಗಿ ಸಿಗಲ್ಲ. ದಾವಣಗೆರೆ ಸುತ್ತಿನ ಎರೆ ಮಣ್ಣಲ್ಲಿ ಸುಣ್ಣದ ಅಂಶದಿಂದ ಕಬ್ಬಿಣ ಮೊದಲೇ ಕಷ್ಟ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಕಂಡರೆ ಇದೇ ಕಾರಣ ಇರಬಹುದು. ಒಲೆ ಬೂದಿಯನ್ನೂ ಎರೆ ಮಣ್ಣಿಗೆ ಹಾಕಬೇಡಿ, ಮೊದಲೇ ಕ್ಷಾರ ಇರುವ ಮಣ್ಣು ಅದು.

ಇಷ್ಟು ಹೇಳಿದರೂ ನಂಬಿಕೆ ಬರದಿದ್ದರೆ ದೀಪಾವಳಿ ಹೊತ್ತಿಗೆ ಬೆಳಿಗ್ಗೆ ಏಳು ಗಂಟೆಗೆ ಊರಾಚೆ ಹೋಗಿ ಬೇಲಿ ನೋಡಿ. ಯಾರೂ ನೆಡದ, ಯಾರೂ ನೀರು ಹಾಕದ ಇದೇ ಜಾತಿಯ ಕಾಡು ಬಳ್ಳಿಗಳು ಹೂ ಬಿಟ್ಟಿರುತ್ತವೆ. ಅವಕ್ಕೆ ಯಾರು ಡಿಎಪಿ ಹಾಕಿದರು?

ಹಾಗಾದರೆ ಹೂ ಯಾವಾಗ? ಅವರೆಯನ್ನು ನೆನಪಿಸಿಕೊಳ್ಳಿ. ನಾಟಿ ಅವರೆಯನ್ನು ಬೇಗ ಬಿತ್ತಿದರೂ ಅದು ಬೇಗ ಹೂ ಬಿಡಲ್ಲ, ರಾತ್ರಿ ಉದ್ದವಾಗುವ ತನಕ ಕಾಯುತ್ತೆ. ವರ್ಷವಿಡೀ ಕಾಯಿ ಬಿಡುವ ತಳಿಗಳು ಆಮೇಲೆ ಬಂದವು. ಮಾರ್ನಿಂಗ್ ಗ್ಲೋರಿಯ ಬಹಳಷ್ಟು ಜಾತಿಗಳಿಗೂ ಇದೇ ಗುಣ. ಇಲ್ಲಿ ಜೂನ್‌ನಲ್ಲಿ ಹಗಲು ಸುಮಾರು 13 ಗಂಟೆ, ಡಿಸೆಂಬರ್‌ನಲ್ಲಿ ಹನ್ನೊಂದೂಕಾಲು. ಜೂನ್‌ನಲ್ಲಿ ಬಿತ್ತಿದ ಬಳ್ಳಿ ಮಳೆ ಕುಡಿದುಕೊಂಡು ಮೂರು ತಿಂಗಳು ಬರೀ ಎಲೆ ಬೆಳೆಸುತ್ತೆ. ಶ್ರಾವಣದಲ್ಲಿ ಬಿತ್ತಿ. ಬೀಜದ ಸಿಪ್ಪೆ ಗಟ್ಟಿ, ರಾತ್ರಿಯಿಡೀ ನೆನೆಸಿ ಹಾಕಿ. ಅಷ್ಟು ಎತ್ತರ ಹೋಗಲ್ಲ, ಆದರೆ ಬೇಗ ಮೊಗ್ಗು ಕಟ್ಟುತ್ತೆ.

ಇಲ್ಲೇ ಇನ್ನೊಂದು ಮಾತು. ಬಳ್ಳಿ ಗೇಟಿನ ಮೇಲಿದೆ ಅಂದಿರಿ. ಅಲ್ಲಿ ರಾತ್ರಿಯಿಡೀ ಲೈಟ್ ಉರಿಯುತ್ತಾ? ಜಪಾನಿನಲ್ಲಿ ಈ ಬಳ್ಳಿಯ ಮೇಲೆ ತುಂಬಾ ಪ್ರಯೋಗ ನಡೆದಿವೆ. 'ವಯಲೆಟ್' ಅನ್ನುವ ತಳಿಗೆ ಒಂದೇ ಒಂದು ಉದ್ದ ರಾತ್ರಿ ಸಿಕ್ಕರೂ ಸಾಕು, ಅದು ಮೊಗ್ಗಿನ ಕಡೆ ತಿರುಗುತ್ತೆ. ಆ ಕತ್ತಲಿನ ಮಧ್ಯೆ ಕೆಲವೇ ನಿಮಿಷ ಬೆಳಕು ಬಿದ್ದರೆ ತಿರುಗಲ್ಲ! ಗಿಡ ಕತ್ತಲನ್ನು ಹೀಗೆ ಅಳೆಯುತ್ತೆ ಅನ್ನೋದು ನನಗೆ ಇವತ್ತಿಗೂ ದೊಡ್ಡ ಸಂಗತಿ. ಎಲ್ಲ ತಳಿಗೂ ಅಳತೆ ಒಂದೇ ಅಲ್ಲ, ಆದರೂ ಬೀದಿದೀಪದ ಕೆಳಗಿನ ಬಳ್ಳಿ ಬರೀ ಎಲೆ ಬಿಡುತ್ತಿದ್ದರೆ ಆ ದೀಪವನ್ನು ಅನುಮಾನಿಸಿ.

ಈಗಿನ ಬಳ್ಳಿಗೆ ಮಾಡಬೇಕಾದ್ದು ಇಷ್ಟು. ಎಲ್ಲ ಗೊಬ್ಬರ ನಿಲ್ಲಿಸಿ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳುವಂತೆ ನೋಡಿಕೊಳ್ಳಿ. ಮಧ್ಯಾಹ್ನ ಎಲೆ ಜೋತುಬಿದ್ದರೆ ಓಡಿಹೋಗಿ ನೀರು ಹಾಕಬೇಡಿ, ಸಂಜೆಗೆ ತಾನೇ ಎದ್ದರೆ ಅದಕ್ಕೆ ಬಾಯಾರಿಲ್ಲ. ಗೇಟಿನ ಲೈಟ್ ರಾತ್ರಿ ಆರಿಸಿ.

ಹೂ ಬಂದ ಮೇಲೆ ಬಣ್ಣ ನೋಡಿ, ಅದನ್ನು ಯಾರೂ ಕೇಳಲ್ಲ. ನೀಲಿಯ 'ಹೆವೆನ್ಲಿ ಬ್ಲೂ' ತಳಿಯಾದರೆ ಹಿಂದಿನ ಸಂಜೆ ಮೊಗ್ಗು ಕೊಡೆ ಮಡಿಸಿದ ಹಾಗೆ ಸುರುಳಿ ಸುತ್ತಿಕೊಂಡು ಕೆಂಪು ನೇರಳೆ ಬಣ್ಣದಲ್ಲಿರುತ್ತೆ, ಬೆಳಿಗ್ಗೆ ಬಿಚ್ಚಿದಾಗ ಆಕಾಶ ನೀಲಿ. ಬಣ್ಣದ ವಸ್ತು ಅದೇ. ಬದಲಾಗೋದು ಎಸಳಿನ ಜೀವಕೋಶದೊಳಗಿನ ರಸ. 1995ರಲ್ಲಿ ಜಪಾನಿನ ವಿಜ್ಞಾನಿಗಳು ಅಳೆದು ತೋರಿಸಿದರು: ಅದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 6.6ರಿಂದ 7.7ಕ್ಕೆ ಏರುತ್ತೆ. ಇದು ಹೂವಿನ ಒಳಗೇ ನಡೆಯುವ ಕೆಲಸ, ಹಾಗಾಗಿ ನೀಲಿ ಗಾಢವಾಗಲಿ ಅಂತ ಬುಡಕ್ಕೆ ನಿಂಬೆರಸವೋ ಸುಣ್ಣದ ನೀರೋ ಹಾಕೋದು ವ್ಯರ್ಥ.

ಬಿಸಿಲೇರಿದರೆ ಈ ಹೂ ಮುದುಡುತ್ತೆ, ಮರುದಿನ ಬೇರೆ ಅರಳುತ್ತೆ. ದಿನವಿಡೀ ಹೂ ಕಾಣಬೇಕು ಅನ್ನುವವರು ಹಳದಿ ಅಲಮಂಡ ಹಾಕಿ. ಅದಕ್ಕೆ ನಮ್ಮ ಬಿಸಿಲು ಇಷ್ಟ, ಹೊಸ ಕುಡಿಯಲ್ಲೇ ಹೂ ಬಿಡೋದರಿಂದ ವರ್ಷಕ್ಕೊಮ್ಮೆ ಕತ್ತರಿಸಬೇಕು. ಅದರ ಹಾಲು ವಿಷ, ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ. ಮಾರ್ನಿಂಗ್ ಗ್ಲೋರಿ ಬೀಜವನ್ನೂ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.