ಹರಿದ ತಿದಿ: ಹಳೆಯ ಎಸ್‌ಯುವಿಯ ಸಬ್‌ವೂಫರ್ ಬದಲಿಸುವ ಲೆಕ್ಕ

ಡೊಳ್ಳಿನ ಪೆಟ್ಟು ಕೇಳಬೇಕಾದ ಕಡೆ ‘ಪರ್ರ್’ ಎಂದು ಒಣಗಿದ ಪತ್ರಾವಳಿಯ ಸದ್ದು ಬಂದರೆ, ಡಿಕ್ಕಿಯ ಪಕ್ಕದಲ್ಲಿರುವ ಸಬ್‌ವೂಫರ್, ಅಂದರೆ ಮಂದ್ರಸ್ವರದ ಸ್ಪೀಕರ್, ಕೆಟ್ಟಿತು ಎಂದುಕೊಳ್ಳಬಹುದು. ಅಂಗಡಿಯ ಉತ್ತರವೂ ಸಿದ್ಧ: ‘ಕಾಯಿಲ್ ಸುಟ್ಟಾದ್ರೀ ಸರ, ಹೊಸಾದು ಹಾಕ್ರಿ.’ ಹತ್ತು–ಹನ್ನೆರಡು ವರ್ಷ ಓಡಿದ ಗಾಡಿಯಲ್ಲಿ ಈ ಮಾತು ಬಹಳ ಸಲ ತಪ್ಪು. ಒಳಗಿನ ತಂತಿಸುರುಳಿ, ಅಂದರೆ ಕಾಯಿಲ್, ಗಟ್ಟಿಮುಟ್ಟಾಗಿಯೇ ಇರುತ್ತದೆ, ಹರಿದಿರುವುದು ಗಾಳಿ ನೂಕುವ ಕೋನಿನ ಸುತ್ತಲಿನ ಅಂಚು.

ಸಬ್‌ವೂಫರ್ ಕಂಬಾರರ ತಿದಿ ಇದ್ದಂತೆ. ಗಾಳಿ ನೂಕುವುದೇ ಅದರ ಕೆಲಸ. ಅಮೆರಿಕದ ಎಂಜಿನಿಯರುಗಳಾದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ 1925ರಲ್ಲಿ ವಿವರಿಸಿದ ರಚನೆಯೇ ಇಂದಿಗೂ ನಡೆಯುತ್ತಿದೆ: ಆಯಸ್ಕಾಂತದ ಸಂದಿಯಲ್ಲಿ ತಾಮ್ರದ ಕಾಯಿಲ್, ಅದಕ್ಕಂಟಿದ ಕೋನ್, ಕೋನನ್ನು ಫ್ರೇಮಿಗೆ ಹಿಡಿದಿಡುವ ಮೆತ್ತನೆಯ ಅಂಚು. ಕೋನ್ ಮುಂದೆ ಬಂದಾಗ ಮುಂದಿನ ಗಾಳಿ ಒತ್ತಾಗುತ್ತದೆ, ಹಿಂದಿನದು ಅಷ್ಟೇ ತೆಳುವಾಗುತ್ತದೆ. ಅಂಚು ಹರಿದರೆ ಇವೆರಡೂ ಆ ಸೀಳಿನಲ್ಲೇ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಮಂದ್ರಸ್ವರಕ್ಕೇ ಈ ಪೆಟ್ಟು ಜಾಸ್ತಿ. ಒಂದೇ ಗಟ್ಟಿತನದ ಸದ್ದಿಗೆ 80 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 80 ಕಂಪನ) ಕೋನ್ ಆಡುವುದಕ್ಕಿಂತ 40 ಹರ್ಟ್ಸ್‌ನಲ್ಲಿ ನಾಲ್ಕು ಪಟ್ಟು ಹೆಚ್ಚು ಆಡಬೇಕು.

ಅಂಚು ಪಾಲಿಯುರೆಥೇನ್ ಫೋಮಿನದಾದರೆ ಬಿಸಿಲು, ಆಮ್ಲಜನಕ, ತೇವ ಮೂರೂ ಅದನ್ನು ತಿನ್ನುತ್ತವೆ. ತಾಪ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಯ ವೇಗ ಸುಮಾರು ದುಪ್ಪಟ್ಟಾಗುತ್ತದೆ ಎಂಬುದು ಒರಟು ಲೆಕ್ಕ. ಮೇ ತಿಂಗಳ ರಾಯಚೂರಿನಲ್ಲಿ ಹೊರಗೇ 40 ದಾಟಿರುವಾಗ ಕಿಟಕಿ ಏರಿಸಿ ನಿಲ್ಲಿಸಿದ ಗಾಡಿಯೊಳಗೆ 60 ಮುಟ್ಟುವುದು ಕಷ್ಟವಲ್ಲ. 30 ಡಿಗ್ರಿಯ ನೆರಳಿಗೆ ಹೋಲಿಸಿದರೆ ಎಂಟು ಪಟ್ಟು ವೇಗದ ಸವೆತ. ಕೊನೆಗೆ ಬೆರಳು ತಾಗಿದರೆ ಸಾಕು, ಖಡಕ್ ರೊಟ್ಟಿಯಂತೆ ಪುಡಿಪುಡಿ.

ಇನ್ನು ದೂಳು. ಕಬ್ಬಿಣದ ಅದಿರಿನ ಸೀಮೆಯಾದ ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯ ಪ್ಯಾನಲ್ ಬಿಚ್ಚಿದರೆ ಒಳಗೆಲ್ಲ ಕೆಂಪು. ಆ ಅದಿರು ಬಹುಪಾಲು ಹೆಮಟೈಟ್, ಆಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುವಂಥದ್ದಲ್ಲ. ನಿಜವಾಗಿ ಹೆದರಬೇಕಾದದ್ದು ಗ್ರೈಂಡರಿನಿಂದ ಹಾರುವ ಉಕ್ಕಿನ ಪುಡಿಗೆ. ಕಾಯಿಲಿನ ಪಕ್ಕದ ಸಂದಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗೂ ಕಡಿಮೆ, ಅಲ್ಲಿ ಹೊಕ್ಕ ಉಕ್ಕಿನ ಪುಡಿ ತಾನಾಗಿ ಹೊರಬರುವುದಿಲ್ಲ. ವೆಲ್ಡಿಂಗ್ ನಡೆಯುವ ಗ್ಯಾರೇಜಿನ ಮೇಜಿನ ಮೇಲೆ ಸ್ಪೀಕರ್ ಬಿಚ್ಚಲೇಬೇಡಿ.

ಬದಲಿಸುವ ಮಾತಿಗೆ ಮುಂಚೆ ಸ್ಕ್ರೂ ತಿರುಗಿಸಿ ನೋಡಿ. ಅದಿರಿನ ಲಾರಿ ಕೆಡಿಸಿದ ರಸ್ತೆಯಲ್ಲಿ ಅವೂ ಸಡಿಲಾಗುತ್ತವೆ, ಆಗಲೂ ಇದೇ ‘ಪರ್ರ್’. ಬಿಗಿಯಾಗಿದ್ದರೆ ಬ್ಯಾಟರಿಯ ನೆಗೆಟಿವ್ ಕಳಚಿ ಕೆಲವು ನಿಮಿಷ ಕಾಯಿರಿ. ಹಿಂಬದಿಯ ಕಂಬದ ಪ್ಯಾನಲ್ ಒಳಗೆ ಕರ್ಟನ್ ಏರ್‌ಬ್ಯಾಗ್ ಇರಬಹುದು, ಎಳೆದಾಡಬಾರದು. ವರ್ಷಗಟ್ಟಲೆ ಬಿಸಿಲು ತಿಂದ ಕ್ಲಿಪ್ಪುಗಳು ಮುರಿಯುತ್ತವೆ. ಎಂಟು–ಹತ್ತು ಹೊಸವು ಜೇಬಿನಲ್ಲಿರಲಿ.

ಸ್ಪೀಕರ್ ಹೊರಬಂದ ಮೇಲೆ ಎರಡೂ ಕೈಯ ಬೆರಳುಗಳನ್ನು ಕೋನಿನ ಮೇಲೆ ಸಮನಾಗಿ ಇಟ್ಟು ಮೆಲ್ಲಗೆ ಒತ್ತಿ. ಒಳಗೆ ‘ಚರಚರ’ ಎಂದರೆ ಕಾಯಿಲ್ ಉಜ್ಜುತ್ತಿದೆ, ಅದನ್ನು ಉಳಿಸುವ ಗೋಜು ಬೇಡ. ಸದ್ದಿಲ್ಲದಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಮೊದಲು ಮೀಟರಿನ ಎರಡು ಕಡ್ಡಿಗಳನ್ನೇ ಒಂದಕ್ಕೊಂದು ತಾಗಿಸಿ ನೋಡಿ, ತಂತಿಯದ್ದೇ 0.2–0.3 ಓಮ್ (ವಿದ್ಯುತ್ತಿಗಿರುವ ತಡೆಯ ಅಳತೆ) ಇರುತ್ತದೆ, ಅದನ್ನು ಕಳೆಯಬೇಕು. ಇಷ್ಟು ಸಣ್ಣ ಅಳತೆಯಲ್ಲಿ ಅದೇ ದೊಡ್ಡ ಮೊತ್ತ. 4 ಓಮ್ ಎಂದು ಬರೆದ ಕಾಯಿಲ್ 3.2ರಿಂದ 3.6, 2 ಓಮ್‌ನದು 1.6ರಿಂದ 1.9 ತೋರಿಸಿದರೆ ಅದು ಬದುಕಿದೆ. ಟರ್ಮಿನಲ್‌ನಲ್ಲಿ ನಾಲ್ಕು ತಂತಿ ಕಂಡರೆ ಎರಡು ಕಾಯಿಲ್ ಇವೆ, ಬೇರೆಬೇರೆಯಾಗಿ ಅಳೆಯಿರಿ.

ಕಾಯಿಲ್ ಚೆನ್ನಾಗಿದ್ದು ಅಂಚು ಮಾತ್ರ ಹೋಗಿದ್ದರೆ ಅಂಚನ್ನೇ ಬದಲಿಸುವುದು ಜಾಣತನ, ಹೊಸ ಸ್ಪೀಕರಿಗಿಂತ ಅಗ್ಗ ಕೂಡ. ಅಳತೆ ತಗೊಳ್ಳಬೇಕಾದದ್ದು ಕೋನಿನ ಹೊರವ್ಯಾಸ, ಫ್ರೇಮಿನಲ್ಲಿ ಅಂಚು ಕೂರುವ ಜಾಗದ ಒಳ–ಹೊರ ವ್ಯಾಸ. ‘8 ಇಂಚಿನದು ಕೊಡಿ’ ಎಂದು ತಂದದ್ದು ಕೂರುವುದಿಲ್ಲ. ಹಳೆಯ ಅಂಟನ್ನು ಪೂರ್ತಿ ಕೆರೆದು, ಹೊಸ ಅಂಚನ್ನು ಮೊದಲು ಕೋನಿಗೆ ಅಂಟಿಸಿ ಒಣಗಿಸಿ, ಆಮೇಲೆ ಫ್ರೇಮಿಗೆ. ಫ್ರೇಮಿನ ಅಂಟು ಇನ್ನೂ ಹಸಿಯಿರುವಾಗ ಮೊಬೈಲಿನಿಂದ 30 ಹರ್ಟ್ಸ್ ಸ್ವರವನ್ನು ಸಣ್ಣ ಆಂಪ್ (ಸದ್ದು ಹಿಗ್ಗಿಸುವ ಆಂಪ್ಲಿಫೈಯರ್) ಮೂಲಕ ತೀರಾ ಮೆಲ್ಲಗೆ ಹಾಕಿ. ಕೋನ್ ಉಜ್ಜದೆ ಆಡುವ ನಡುಜಾಗ ಸಿಕ್ಕಿದೊಡನೆ ಒತ್ತಿಹಿಡಿದು, ಒಂದು ದಿನ ಮುಟ್ಟದೆ ಬಿಡಿ. ದಪ್ಪ ರಬ್ಬರಿನ ಅಂಚು ನಮ್ಮ ಬಿಸಿಲಿಗೆ ಹೆಚ್ಚು ಬಾಳುತ್ತದೆ, ಆದರೆ ಹಗುರ ಕೋನಿಗೆ ತೂಕ ಕೂಡಿ ಸದ್ದು ಸ್ವಲ್ಪ ಇಳಿಯುತ್ತದೆ.

ಹೊಸದೇ ಬೇಕಾದರೆ ಡಬ್ಬಿಯ ಮೇಲಿನ ವ್ಯಾಟ್ ನೋಡಬೇಡಿ. ಎಲ್ಲರೂ ಜಾರುವುದು ಅಲ್ಲೇ. ಗಾಡಿಯ ಜೊತೆಗೇ ಬಂದ ಕಂಪನಿ ಆಂಪ್‌ಗೆ ಇಂತಿಷ್ಟು ಓಮ್ ಎಂದು ಗೊತ್ತುಮಾಡಿರುತ್ತಾರೆ. 2 ಓಮ್ ಇದ್ದ ಕಡೆ 4 ಓಮ್ ಹಾಕಿದರೆ ವಿದ್ಯುತ್ ಅರ್ಧಕ್ಕರ್ಧ ಇಳಿದು 3 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ನಷ್ಟ. 4 ಇದ್ದಲ್ಲಿ 2 ಹಾಕಿದರೆ ಆಂಪ್ ಕಾದು ನಿಲ್ಲುತ್ತದೆ, ಇಲ್ಲವೇ ಸುಡುತ್ತದೆ. ಎರಡು ಕಾಯಿಲಿಗೆ ಆಂಪ್‌ನಿಂದ ಬೇರೆಬೇರೆಯಾಗಿ ಎರಡು ಚಾನೆಲ್ ಬಂದಿರುವ ಗಾಡಿಯಲ್ಲಿ ಒಂಟಿ ಕಾಯಿಲಿನ ಸ್ಪೀಕರ್ ತಂದು ತಂತಿಗಳನ್ನೆಲ್ಲ ಒಟ್ಟಿಗೆ ಹೊಸೆದರೆ ಆಂಪ್ ಕಥೆ ಮುಗಿದಂತೆಯೇ.

ಓಮ್ ಹೊಂದಿದರೂ ಇನ್ನೊಂದು ತೊಡಕಿದೆ. ಕಂಪನಿ ಕೋನ್ ಹಗುರ, ಕಡಿಮೆ ವಿದ್ಯುತ್ತಿಗೂ ಕೂಗುತ್ತದೆ. ಮಾರುಕಟ್ಟೆಯ ‘300 ವ್ಯಾಟ್’ ಸ್ಪೀಕರಿನ ಕೋನ್ ಭಾರ. ಹಳೆಯದು 1 ವ್ಯಾಟ್‌ಗೆ 89 ಡೆಸಿಬೆಲ್, ಹೊಸದು 84 ಎಂದಿಟ್ಟುಕೊಳ್ಳಿ. ಆ 5 ಡೆಸಿಬೆಲ್ ತುಂಬಲು ಮೂರು ಪಟ್ಟಿಗೂ ಹೆಚ್ಚು ವಿದ್ಯುತ್ ಬೇಕು, ಅದು ಆ ಆಂಪ್‌ನಲ್ಲಿಲ್ಲ. ದುಡ್ಡು ಸುರಿದು ತಂದದ್ದು ಹಳೆಯದಕ್ಕಿಂತ ಮೆತ್ತಗೆ ಕೇಳುವುದು ಇದರಿಂದಲೇ. ಕ್ಯಾಟಲಾಗಿನ ಅಂಕಿ 1 ವ್ಯಾಟ್‌ನದೋ 2.83 ವೋಲ್ಟ್‌ನದೋ ನೋಡಿ: 2 ಓಮ್ ಸ್ಪೀಕರಿಗೆ 2.83 ವೋಲ್ಟ್ ಕೊಟ್ಟರೆ 4 ವ್ಯಾಟ್ ಹೋಗುತ್ತದೆ, ಕಾಗದದ ಮೇಲೆ 6 ಡೆಸಿಬೆಲ್ ಪುಕ್ಕಟೆ ಏರಿಬಿಡುತ್ತದೆ.

ಆಮೇಲೆ ಸ್ಪೀಕರ್ ಕೂರುವ ಬಾಕ್ಸ್. ಅದರ ಒಳಗಾತ್ರ ತಿಳಿಯಲು ಈ ಸೀಮೆಯಲ್ಲಿ ಜೋಳಕ್ಕಿಂತ ಒಳ್ಳೆಯ ಸಾಧನ ಬೇಡ. ಕಾಳು ಗುಂಡಗಿದ್ದು ಮೂಲೆಮೂಲೆಗೂ ಹರಿಯುತ್ತದೆ. ಬಾಕ್ಸಿನೊಳಗೆ ತೆಳ್ಳನೆಯ ದೊಡ್ಡ ಪ್ಲಾಸ್ಟಿಕ್ ಚೀಲ ಹರಡಿ, ಲೀಟರ್ ಅಳತೆಯಿಂದ ಕಂಠಮಟ್ಟ ತುಂಬಿ ಎಣಿಸಿ. ಸ್ಪೀಕರಿನ ಹಿಂಭಾಗ ನುಂಗುವ ಜಾಗವೆಂದು, 8 ಇಂಚಿನದಾದರೆ ಹೆಚ್ಚುಕಡಿಮೆ 1 ಲೀಟರ್ ಕಳೆಯಿರಿ. 1961ರಲ್ಲಿ ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್ ಹಾಕಿಕೊಟ್ಟ ಬಾಕ್ಸ್ ಲೆಕ್ಕದ ದಾರಿಯನ್ನು 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬೆಳೆಸಿದ್ದರಿಂದ ಮುಂದಿನದು ಸುಲಭದ ಗಣಿತ. ಮುಚ್ಚಿದ ಬಾಕ್ಸಿಗೆ ಸ್ಪೀಕರಿನ ‘ವಿಎಎಸ್’ (ಕೋನನ್ನು ಹಿಡಿದ ಅಂಚು ಇತ್ಯಾದಿಯಷ್ಟೇ ಮೆತ್ತಗಿರುವ ಗಾಳಿಯ ಗಾತ್ರ) ಅಂಕಿಯನ್ನು ಬಾಕ್ಸಿನ ಗಾತ್ರದಿಂದ ಭಾಗಿಸಿ, 1 ಕೂಡಿ, ವರ್ಗಮೂಲ ತೆಗೆದು, ‘ಕ್ಯೂಟಿಎಸ್’ನಿಂದ (ಕೋನಿನ ಅಲುಗಾಟ ಎಷ್ಟು ಹತೋಟಿಯಲ್ಲಿದೆ ಎಂದು ಹೇಳುವ ಅಂಕಿ) ಗುಣಿಸಿ. ಕ್ಯೂಟಿಎಸ್ 0.5, ವಿಎಎಸ್ 15 ಲೀಟರ್, ಬಾಕ್ಸೂ 15 ಲೀಟರ್ ಆದರೆ ಉತ್ತರ 0.7: ಬಿಗಿಯಾದ, ಹದವಾದ ಬೇಸ್. ಅದೇ ಸ್ಪೀಕರನ್ನು 5 ಲೀಟರಿನಲ್ಲಿ ತುರುಕಿದರೆ 1.0: ಒಂದೇ ಸ್ವರ ಗುಂಯ್‌ಗುಡುತ್ತದೆ. ಬಾಕ್ಸಿಗೆ ಗಾಳಿಕೊಳವೆ ಇದ್ದರೆ ಈ ಸೂತ್ರ ನಡೆಯುವುದಿಲ್ಲ. ಅಲ್ಲಿ ಕ್ಯೂಟಿಎಸ್ ಸುಮಾರು 0.4ರ ಆಚೀಚೆ ಇರುವ, ಹಳೆಯದಕ್ಕೆ ಆದಷ್ಟು ಹತ್ತಿರದ ಸ್ಪೀಕರನ್ನೇ ಹುಡುಕಬೇಕು.

ಕಂಪನಿ ಫ್ರೇಮಿನ ಸ್ಕ್ರೂ ತೂತುಗಳು ಹೊಸದಕ್ಕೆ ಸರಿಹೊಂದುವುದು ಅಪರೂಪ. 12 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಬಳೆ ಕತ್ತರಿಸಿ, ಅದರ ಅಂಚಿಗೆ ವಾರ್ನಿಷ್ ಬಳಿದು ಸ್ಪೀಕರಿಗೂ ಬಾಕ್ಸಿಗೂ ನಡುವೆ ಇಡಿ. ಹೀಗೆ ಮಾಡಿದರೆ ಆಳಕ್ಕೂ ಅಷ್ಟು ಜಾಗ ಸಿಗುತ್ತದೆ. ಆಯಸ್ಕಾಂತದ ಬೆನ್ನಲ್ಲಿ ಗಾಳಿತೂತು ಇದ್ದರೆ ಹಿಂದೆ 2 ಸೆಂಟಿಮೀಟರ್ ಖಾಲಿ ಬಿಡಿ. ಬಳೆಯ ಎರಡೂ ಮುಖಕ್ಕೆ ಫೋಮ್ ಟೇಪ್ ಹಚ್ಚಿ, ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಿರಿ. ತಂತಿ ಸೇರಿಸುವ ಮುನ್ನ 1.5 ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ ನೋಡಿ, ಪ್ಲಸ್ಸಿಗೆ ಪ್ಲಸ್ ಬಿದ್ದರೆ ಕೋನ್ ಹೊರಗೆ ಜಿಗಿಯುತ್ತದೆ.

ಸೋರಿಕೆ ಹಿಡಿಯಲು ಪ್ಯಾನಲ್ ಮುಚ್ಚುವ ಮುಂಚೆ 30 ಹರ್ಟ್ಸ್ ಹಾಕಿ, ಹಚ್ಚಿದ ಊದುಬತ್ತಿಯನ್ನು ಅಂಚಿನ ಸುತ್ತ ನಿಧಾನವಾಗಿ ಒಯ್ಯಿರಿ, ಫೋಮಿಗೆ ತಾಗದಂತೆ. ಹೊಗೆಯ ಎಳೆ ನಡುಗಿದ ಕಡೆ ಗಾಳಿ ಸೋರುತ್ತಿದೆ. ನಂತರ ಚಾಲಕನ ಸೀಟಿನಲ್ಲಿ ಕೂತು, ಸಬ್‌ವೂಫರಿನ ಎರಡು ತಂತಿಗಳನ್ನು ಅದಲುಬದಲು ಮಾಡಿಸಿ ಕೇಳಿ. ಬೇಸ್ ತುಂಬಿ ಬರುವ ಜೋಡಣೆಯನ್ನೇ ಉಳಿಸಿ. ಆಮೇಲೂ ಏನಾದರೂ ಗಡಗಡ ಎಂದರೆ ಜಾಕ್, ಸ್ಪ್ಯಾನರ್ ಚೀಲ, ನಂಬರ್ ಪ್ಲೇಟ್ ಮುಟ್ಟಿ ನೋಡಿ. ಎರಡು ವಾರ ಓಡಿಸಿದ ಮೇಲೆ ಫೋಮ್ ಟೇಪ್ ಅಮುಕಿರುತ್ತದೆ. ಆಗ ಸ್ಕ್ರೂಗಳಿಗೆ ಇನ್ನೊಮ್ಮೆ ಕಾಲು ಸುತ್ತು ಕೊಡಿ.