ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಹೋಯ್ತು ಅಂತಲೇ?

ಶಿರಾಡಿ ಘಾಟಿಯಲ್ಲಿ ನಮ್ಮ ಮಾವನ ಲಾರಿ ಕುದಿಯಿತು. ಕ್ಯಾಬಿನ್ ಕೆಳಗಿಂದ ಬುಸ್ ಅಂತ ಹಬೆ, ರಸ್ತೆ ತುಂಬ ಹಸಿರು ನೀರು. ಗುಂಡ್ಯದ ಹತ್ತಿರ ಗೇರ್‌ಬಾಕ್ಸ್ ಕೆಟ್ಟು ನಿಂತಿದ್ದ ಅವರದೇ ಇನ್ನೊಂದು ಲಾರಿಯನ್ನು ಸಕಲೇಶಪುರದವರೆಗೆ ಎಳೆದುಕೊಂಡು ಹೋಗೋಣ ಅಂತ ಹೊರಟಿದ್ದರು. ಎರಡರಲ್ಲೂ ಲೋಡಿತ್ತು. ಈ ಐಡಿಯಾ ಯಾರದು ಅಂತ ಇವತ್ತಿಗೂ ಮನೆಯಲ್ಲಿ ಯಾರೂ ಒಪ್ಪಿಕೊಂಡಿಲ್ಲ.

ಲಾರಿ ಹಾಸನದ ಗ್ಯಾರೇಜಿಗೆ ಬಂತು. ತಣ್ಣಗಾದ ಮೇಲೆ ನೀರು ತುಂಬಿಸಿ, ಮುಚ್ಚಳ ತೆಗೆದೇ ಇಂಜಿನ್ ಸ್ಟಾರ್ಟ್ ಮಾಡಿದರು. ರೇಡಿಯೇಟರ್ ಬಾಯಲ್ಲಿ ಬುಳುಬುಳು ಗುಳ್ಳೆ. ಅಲ್ಲೇ ಟೀ ಕುಡಿಯುತ್ತಿದ್ದ ಮೂರು ಜನ ಒಟ್ಟಿಗೆ ತೀರ್ಪು ಕೊಟ್ಟರು: "ಹೆಡ್ ಹೋಗಿದೆ." ಹೆಡ್ ಅಂದರೆ ಇಂಜಿನ್ ಸಿಲಿಂಡರ್‌ಗಳ ಮೇಲೆ ಕೂರುವ ಲೋಹದ ಮುಚ್ಚಳ. ಮೇಸ್ತ್ರಿ ಮಾತ್ರ ಏನೂ ಹೇಳಲಿಲ್ಲ.

ಘಾಟಿಯಲ್ಲಿ ಆ ಇಂಜಿನ್ ಮೇಲೆ ಎಷ್ಟು ಭಾರ ಬಿದ್ದಿತ್ತು ಅಂತ ಮೊದಲು ಲೆಕ್ಕ ಹಾಕೋಣ. ಆರು ಚಕ್ರದ ಲಾರಿಗೆ 2018ರಿಂದ ಒಟ್ಟು ತೂಕದ ಮಿತಿ 18.5 ಟನ್. ಎರಡು ಲಾರಿ ಸೇರಿ 37 ಟನ್ ಅಂದುಕೊಳ್ಳಿ. ನೂರು ಅಡಿಗೆ ಆರಡಿ ಏರುವ ರಸ್ತೆಯಲ್ಲಿ, ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ, ಇಷ್ಟು ತೂಕವನ್ನು ಮೇಲೆತ್ತೋದಕ್ಕೇ ಸುಮಾರು 90 ಕಿಲೋವ್ಯಾಟ್ ಬೇಕು. ಅಂಥ ಲಾರಿಯ ಇಂಜಿನ್‌ಗೆ ಇದು ತಾಕತ್ತಿನ ಬಹುಪಾಲು. ಆದರೆ ಡೀಸೆಲ್ ಸುಟ್ಟು ಬಂದ ಶಕ್ತಿಯಲ್ಲಿ ಚಕ್ರಕ್ಕೆ ಸಿಗೋದು ಮೂರರಲ್ಲಿ ಒಂದು ಪಾಲು, ಇಲ್ಲವೇ ಸ್ವಲ್ಪ ಜಾಸ್ತಿ. ಉಳಿದದ್ದರಲ್ಲಿ ಒಂದಷ್ಟು ಸೈಲೆನ್ಸರ್‌ನಲ್ಲಿ ಹೋಗುತ್ತದೆ, ಇನ್ನೊಂದಷ್ಟು ಇಂಜಿನ್ ತಣಿಸುವ ಕೂಲೆಂಟ್ ನೀರಿಗೆ ಸೇರುತ್ತದೆ. ಆ ನೀರಿಗೆ ಸೇರುವ ಶಾಖವೇ 60-70 ಕಿಲೋವ್ಯಾಟ್. ಮನೆಯ 2 ಕಿಲೋವ್ಯಾಟ್ ಗೀಸರ್ ಇರುತ್ತಲ್ಲ, ಅಂಥವು ಮೂವತ್ತು ಒಟ್ಟಿಗೆ ಆನ್ ಮಾಡಿದ ಹಾಗೆ. ಅದೂ ಎದುರುಗಾಳಿಯೇ ಇಲ್ಲದ ನಿಧಾನದ ಓಟದಲ್ಲಿ, ಪೂರ್ತಿ ಫ್ಯಾನ್ ನಂಬಿಕೊಂಡು.

ಇಷ್ಟಾದರೂ ನೀರು ಸುಲಭಕ್ಕೆ ಕುದಿಯುವುದಿಲ್ಲ, ಯಾಕೆಂದರೆ ರೇಡಿಯೇಟರ್ ಮುಚ್ಚಳ ಮಾಡೋದು ಕುಕ್ಕರ್ ವೆಯ್ಟ್ ಮಾಡುವ ಕೆಲಸವನ್ನೇ. ಸುಮಾರು ಒಂದು ಬಾರ್, ಅಂದರೆ ಹೊರಗಿನ ಗಾಳಿಯ ಒತ್ತಡದಷ್ಟೇ ಇನ್ನೊಂದು ಪಟ್ಟು ಒತ್ತಡ ಹಿಡಿದಿಟ್ಟರೆ ಬರೀ ನೀರೇ 120 ಡಿಗ್ರಿವರೆಗೆ ತಡೆಯುತ್ತದೆ, ಕೂಲೆಂಟ್ ಬೆರೆಸಿದ್ದರೆ ಇನ್ನೂ ಸ್ವಲ್ಪ ಮೇಲೆ. ಮುಚ್ಚಳದ ರಬ್ಬರ್ ಹೋಗಿದ್ದರೆ ಸಕಲೇಶಪುರದ ಎತ್ತರದಲ್ಲಿ ಬರೀ ನೀರು 97ಕ್ಕೇ ಕುದಿಯುತ್ತದೆ. ಬಿಸಿ ಇಂಜಿನ್‌ನ ಮುಚ್ಚಳ ತೆಗೆದವರ ಕೈ ಮುಖ ಸುಡೋದೂ ಇದೇ ಕಾರಣಕ್ಕೆ. ಒತ್ತಡ ಇಳಿದ ಕ್ಷಣವೇ ಒಳಗಿನ ನೀರು ಹಬೆಯಾಗಿ ಹಾರುತ್ತದೆ.

ಡ್ರೈವರ್ ಒಂದು ಮಾತು ಹೇಳಿದ. "ಮುಳ್ಳು ಕೆಂಪಿಗೆ ಹೋಗಿತ್ತು ಅಣ್ಣಾ, ಆಮೇಲೆ ತಾನಾಗೇ ಇಳೀತು. ಸರಿ ಹೋಯ್ತು ಅಂತ ಇನ್ನೊಂದು ತಿರುವು ಹತ್ತಿಸಿದೆ." ಮೇಸ್ತ್ರಿ ತಲೆ ಚಚ್ಚಿಕೊಂಡರು. ಸೆನ್ಸರ್ ಅಳೆಯೋದು ತನ್ನನ್ನು ಮುಟ್ಟಿಕೊಂಡಿರುವ ನೀರಿನ ಬಿಸಿಯನ್ನು. ನೀರು ಖಾಲಿಯಾಗಿ ಅದರ ಸುತ್ತ ಬರೀ ಹಬೆ, ಗಾಳಿ ಉಳಿದರೆ ಮುಳ್ಳು ಇಳಿಯಬಹುದು, ಲೋಹ ಮಾತ್ರ ಕಾಯುತ್ತಲೇ ಇರುತ್ತದೆ. ನೂರು ಮಿಲಿಮೀಟರ್ ಅಗಲದ ಅಲ್ಯೂಮಿನಿಯಂ ಪಿಸ್ಟನ್ ನೂರು ಡಿಗ್ರಿ ಜಾಸ್ತಿ ಕಾದರೆ ಸುಮಾರು 0.2 ಮಿಲಿಮೀಟರ್ ಹಿಗ್ಗುತ್ತದೆ. ಅದರ ಸುತ್ತಲಿನ ಬೀಡುಕಬ್ಬಿಣದ ಲೈನರ್ ಹಿಗ್ಗೋದು ಅದರ ಅರ್ಧದಷ್ಟು. ನಡುವೆ ಇದ್ದ ಸಂದು ಕೂದಲೆಳೆಯಷ್ಟು. ಅದೂ ಮುಗಿದರೆ ಪಿಸ್ಟನ್ ಲೈನರನ್ನು ಗೀರುತ್ತದೆ, ಇನ್ನೂ ಹೋದರೆ ಜಾಮ್.

ಈಗ ಗುಳ್ಳೆಗೆ ಬರೋಣ. ಮೇಸ್ತ್ರಿ ಅವತ್ತು ಹೇಳಿದ ಒಂದು ಸೂತ್ರ ನನಗೆ ತುಂಬ ಹಿಡಿಸಿತು: ಇಂಜಿನ್ ಒಳಗೆ ಯಾರ ಒತ್ತಡ ಜಾಸ್ತಿಯೋ ಅವರು ಪಕ್ಕದವರ ಮನೆಗೆ ನುಗ್ಗುತ್ತಾರೆ. ಸಿಲಿಂಡರ್ ಒಳಗೆ ಡೀಸೆಲ್ ಹೊತ್ತಿದಾಗ ಇವತ್ತಿನ ಟರ್ಬೊ ಇಂಜಿನ್‌ಗಳಲ್ಲಿ ನೂರು ಬಾರ್ ದಾಟುತ್ತದೆ. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ 8 ಬಾರ್ ಆಸುಪಾಸು. ಆಯಿಲ್ 3ರಿಂದ 5. ಎಲ್ಲರಿಗಿಂತ ಬಡವ ಅಂದರೆ ನೀರು, ಒಂದು ಬಾರ್. ಹಾಗಾಗಿ ಇಂಜಿನ್ ಓಡುತ್ತಿರುವಾಗ ಎಲ್ಲಿ ತೂತಾದರೂ ನುಗ್ಗೋದು ನೀರಿನ ಕಡೆಗೇ. ಹೆಡ್ ಕೆಳಗೆ ಸಂದು ಮುಚ್ಚೋಕೆ ಇಡುವ ತೆಳು ಹಾಳೆ, ಅಂದರೆ ಹೆಡ್ ಗ್ಯಾಸ್ಕೆಟ್ ಹರಿದರೆ ಸುಟ್ಟ ಗಾಳಿ ನೀರಿಗೆ ಬರುತ್ತದೆ, ನೀರಿನಿಂದ ಆಯಿಲ್ ತಣಿಸುವ ಆಯಿಲ್ ಕೂಲರ್ ಸೀಳಿದರೆ ರೇಡಿಯೇಟರ್‌ನಲ್ಲಿ ಆಯಿಲ್ ತೇಲುತ್ತದೆ.

ಇಂಜಿನ್ ಆಫ್ ಮಾಡಿದ ತಕ್ಷಣ ಆಟ ತಿರುಗುತ್ತದೆ. ಸಿಲಿಂಡರ್‌ನಲ್ಲಿ ಒತ್ತಡ ಇಲ್ಲ, ಆಯಿಲ್ ಒತ್ತಡ ಸೊನ್ನೆ. ಬಿಸಿ ನೀರಿನಲ್ಲಿ ಮಾತ್ರ ಇನ್ನೂ ಒತ್ತಡ ಉಳಿದಿರುತ್ತದೆ. ಈಗ ನೀರಿನ ಸರದಿ. ರಾತ್ರಿಯಿಡೀ ಅದೇ ತೂತಿನಿಂದ ಸಿಲಿಂಡರ್‌ಗೋ ಆಯಿಲ್‌ಗೋ ಇಳಿಯುತ್ತದೆ. ಬೆಳಿಗ್ಗೆ ಆಯಿಲ್ ಅಳೆಯುವ ಕಡ್ಡಿ, ಡಿಪ್ ಸ್ಟಿಕ್ ಎಳೆದರೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣ. ಸಿಲಿಂಡರ್‌ನಲ್ಲಿ ನೀರು ನಿಂತಿದ್ದು ಗೊತ್ತಾಗದೆ ಸೆಲ್ಫ್ ಹೊಡೆದರೆ ಮುಗೀತು, ನೀರನ್ನು ಒತ್ತಿ ಕುಗ್ಗಿಸೋಕೆ ಆಗಲ್ಲ ಅಲ್ವಾ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೇಸ್ತ್ರಿ ಸ್ಟಾರ್ಟ್ ಮಾಡುವ ಮೊದಲು ಉದ್ದದ ಸ್ಪ್ಯಾನರ್ ಹಾಕಿ ಇಂಜಿನನ್ನು ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿದ್ದು ಅದಕ್ಕೇ. ನಾನು ಸುಮ್ನೆ ಟೈಮ್ ಪಾಸ್ ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಆಯಿಲ್ ನೋಡಿದರು. ಕಪ್ಪಗೇ ಇತ್ತು. ಹೊಗೆಯಲ್ಲಿ ಬಿಳಿ ಇಲ್ಲ, ಕೂಲೆಂಟ್‌ನ ಆ ಸಿಹಿ ವಾಸನೆಯೂ ಇಲ್ಲ. ಆಯಿಲ್ ಫಿಲ್ಟರ್ ಕೊಯ್ದು ಒಳಗಿನ ಕಾಗದವನ್ನು ಬಿಸಿಲಲ್ಲಿ ಹರಡಿದರು. ಅಲ್ಲಿ ಬೆಳ್ಳಗೆ ಮಿನುಗುವ ಪುಡಿ ಇದ್ದು ಅದು ಅಯಸ್ಕಾಂತಕ್ಕೆ ಅಂಟದಿದ್ದರೆ ಅಲ್ಯೂಮಿನಿಯಂ, ಅಂದರೆ ಪಿಸ್ಟನ್ ತಿಂದಿದೆ ಅಂತ ಲೆಕ್ಕ. ಏನೂ ಇರಲಿಲ್ಲ. ಇಂಜೆಕ್ಟರ್ ಬಿಚ್ಚಿ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ನೋಡಿದರು, ಎಲ್ಲ ಸಿಲಿಂಡರ್‌ನಲ್ಲೂ ಹೆಚ್ಚೂಕಡಿಮೆ ಒಂದೇ ಅಂಕಿ. ಅಕ್ಕಪಕ್ಕದ ಎರಡರಲ್ಲಿ ಮಾತ್ರ ಕಡಿಮೆ ಬಂದಿದ್ದರೆ ಅವೆರಡರ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ ಅಂತ ಹೇಳಬಹುದಿತ್ತು.

ಹಾಗಾದರೆ ಗುಳ್ಳೆ? ಎಲ್ಲ ಮತ್ತೆ ಜೋಡಿಸಿ ಸ್ಟಾರ್ಟ್ ಮಾಡಿದರೆ ಗುಳ್ಳೆ ಮೊದಲಿನಂತೆಯೇ. ರೇಡಿಯೇಟರ್ ಬಾಯಿಗೆ ಒಂದು ಗಾಜಿನ ಕೊಳವೆ ಇಟ್ಟರು, ಒಳಗೆ ನೀಲಿ ದ್ರವ. ಸುಟ್ಟ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ, ಅದು ತಾಗಿದರೆ ನೀಲಿ ಹೋಗಿ ಹಸಿರು, ಹಳದಿ ಆಗುತ್ತದೆ. ಐದು ನಿಮಿಷ ಕಾದೆವು. ಗುಳ್ಳೆ ದ್ರವದೊಳಗೇ ಹಾದು ಹೋಗುತ್ತಿದೆ, ಬಣ್ಣ ನೀಲಿಯೇ. ಅಂದರೆ ಇದು ಸುಟ್ಟ ಗಾಳಿ ಅಲ್ಲ, ಬರೀ ಗಾಳಿ.

"ಗುಳ್ಳೆ ನಾನು ನೋಡ್ತೀನಿ, ನೀನು ಏರ್ ಮೀಟರ್ ನೋಡು" ಅಂತ ನನ್ನನ್ನು ಕ್ಯಾಬಿನ್‌ಗೆ ಹತ್ತಿಸಿದರು. ಮುಳ್ಳು ಮೆಲ್ಲಗೆ ಏರಿ 8ರ ಹತ್ತಿರ ಬಂತು, ಬ್ರೇಕಿನ ಗಾಳಿ ಟ್ಯಾಂಕ್ ತುಂಬಿ ಟುಸ್ ಅಂತ ಸದ್ದಾಯಿತು, ಕಂಪ್ರೆಸರ್ ಗಾಳಿ ತುಂಬಿಸೋದು ನಿಲ್ಲಿಸಿತು. ಕೆಳಗಿಂದ ಕೂಗಿದರು, "ನಿಲ್ತು!" ನಾನು ಬ್ರೇಕ್ ನಾಲ್ಕೈದು ಸಲ ತುಳಿದು ಗಾಳಿ ಇಳಿಸಿದೆ. ಕಂಪ್ರೆಸರ್ ಮತ್ತೆ ತುಂಬಿಸೋಕೆ ಶುರು ಮಾಡಿದ ಕೂಡಲೇ ಗುಳ್ಳೆಯೂ ಶುರು. ಎಷ್ಟೋ ಲಾರಿಗಳಲ್ಲಿ ಕಂಪ್ರೆಸರ್‌ನ ತಲೆ ತಣ್ಣಗಿರಲಿ ಅಂತ ಇಂಜಿನ್ ನೀರನ್ನೇ ಅದರೊಳಗೆ ಹಾಯಿಸಿರುತ್ತಾರೆ. ಅಲ್ಲಿನ ಅಂಗೈಯಷ್ಟಗಲದ ಗ್ಯಾಸ್ಕೆಟ್ ಹರಿದು, ಬ್ರೇಕಿಗೆ ಹೋಗಬೇಕಾದ ಗಾಳಿ ನೀರಿಗೆ ಹೋಗುತ್ತಿತ್ತು.

ಈಗ ಕತೆ ಉಲ್ಟಾ ಆಯಿತು. ಕುದ್ದಿದ್ದರಿಂದ ಈ ಗ್ಯಾಸ್ಕೆಟ್ ಹೋಯಿತೋ, ಗ್ಯಾಸ್ಕೆಟ್ ಹೋಗಿದ್ದರಿಂದ ಕುದಿಯಿತೋ? ನೀರಿನ ದಾರಿಗೆ ಗಾಳಿ ತುಂಬಿದರೆ ಒತ್ತಡ ಮುಚ್ಚಳದ ಮಿತಿ ದಾಟುತ್ತದೆ, ನೀರು ಓವರ್‌ಫ್ಲೋ ಪೈಪಿನಿಂದ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ಸಾಮಾನ್ಯ ದಿನಗಳಲ್ಲಿ ಉಳಿದ ನೀರೇ ಸಾಕಾಗುತ್ತದೆ. ಹಿಂದೆ ಇನ್ನೊಂದು ಲಾರಿ ಕಟ್ಟಿಕೊಂಡು ಘಾಟಿ ಹತ್ತುವ ದಿನ ಸಾಕಾಗುವುದಿಲ್ಲ.

ಮೇಸ್ತ್ರಿ ಡ್ರೈವರ್ ಕಡೆ ತಿರುಗಿ, ಇತ್ತೀಚೆಗೆ ನೀರು ಹಾಕ್ತಾ ಇದ್ದೆಯಾ ಅಂತ ಕೇಳಿದರು.

"ದಿನಾ ಬೆಳಿಗ್ಗೆ ಒಂದು ಬಾಟ್ಲಿ ಅಣ್ಣಾ, ಒಂದು ತಿಂಗಳಿಂದ. ಬಿಸಿಲು ಜಾಸ್ತಿ ಅಲ್ವಾ, ಆರಿಹೋಗುತ್ತೆ ಅಂದ್ಕೊಂಡೆ."